ಆರ್ನೆ ಟಿಸೇಲಿಯಸ್ ಮತ್ತು ಬೇರ್ಪಡಿಸುವ ವಿದ್ಯೆ

ಶತಮಾನೋತ್ಸವದ ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನಚಿತ್ರವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಹೇಳಿದಾಗ ಸರ್ ಸಿ. ವಿ. ರಾಮನ್, ಜಗದೀಶಚಂದ್ರ ಬೋಸ್ ಮೊದಲಾದ ಹೆಸರುಗಳೇ ಸಹಜವಾಗಿ ಮನಸ್ಸಿಗೆ ಬಂದವು. ಆ ಮಹನೀಯರ ಚರಿತ್ರೆಗಳು ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿಯೇ ಇವೆ. ನಾನು ಆರಿಸಿಕೊಂಡವರು ಸ್ವೀಡನ್ ದೇಶದ ಆರ್ನೆ ಟಿಸೇಲಿಯಸ್. ವಿಜ್ಞಾನಲೋಕದಲ್ಲಿ ಇವರು ಸುಪ್ರಸಿದ್ಧರು. 1948ರ ನೊಬೆಲ್ ಪುರಸ್ಕಾರವನ್ನು ಪಡೆದವರು. ನಮ್ಮ ಆದೋನಿ ಸೀಮೆಯ ಮನೆಗಳಲ್ಲಿ ಇವರ ಹೆಸರು ಕೇಳಿಬರುವುದು ಕಡಿಮೆಯಾದರೂ ಇವರು ಬೆಳೆಸಿದ ವಿದ್ಯೆ ನಮಗೆ ದೂರದ್ದಲ್ಲ. ಹಿರಿಯರನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಾಗ ರಕ್ತದ ಪ್ರೋಟೀನುಗಳ ಪರೀಕ್ಷೆಯೆಂದು ಬರೆದುಕೊಡುವ ಚೀಟಿಯಲ್ಲಿ ಆ ವಿದ್ಯೆಯ ಹೆಸರಿರುತ್ತದೆ. ಚಿನ್ನದ ಅದಿರನ್ನು ಕರಗಿಸುವ ದ್ರಾವಣಗಳಲ್ಲಿ ಗಂಧಕದ ಸಂಯುಕ್ತಗಳು ಎಷ್ಟೆಷ್ಟಿವೆಯೆಂದು ಅಳೆಯಲು ರಸಾಯನ ವಿಜ್ಞಾನಿಗಳು ಬಳಸುವ ವಿಧಾನಗಳಲ್ಲಿ ಒಂದು ಅದೇ ವಿದ್ಯೆಯ ಮೊಮ್ಮಗು. ರಕ್ತದಿಂದ ಹೊರಟ ದಾರಿ ಚಿನ್ನಕ್ಕೆ ಹೇಗೆ ಬಂದು ಸೇರಿತೆಂಬುದನ್ನು ಹೇಳಬೇಕಾದರೆ ಆ ಮನುಷ್ಯನ ಬಾಳನ್ನು ಹೇಳಬೇಕು.

ಆರ್ನೆ ವಿಲ್ಹೆಲ್ಮ್ ಕೌರಿನ್ ಟಿಸೇಲಿಯಸ್ ಅವರು 1902ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ನಗರದಲ್ಲಿ ಜನಿಸಿದರು. ತಂದೆ ಗಣಿತವನ್ನು ಓದಿ ವಿಮಾ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದವರು. ತಾಯಿ ಪಾದ್ರಿಯೊಬ್ಬರ ಮಗಳು. ಮಗುವಿಗೆ ನಾಲ್ಕು ವರ್ಷ ತುಂಬುವ ಸುಮಾರಿಗೆ, 1906ರಲ್ಲಿ, ತಂದೆ ತೀರಿಕೊಂಡರು. ಕುಟುಂಬವು ರಾಜಧಾನಿಯನ್ನು ಬಿಟ್ಟು ಬಂಧುಗಳಿದ್ದ ಗೊಥೆನ್‌ಬರ್ಗ್ ಎಂಬ ಬಂದರು ನಗರಕ್ಕೆ ಹೋಗಿ ನೆಲೆಸಿತು. ಅಲ್ಲಿನ ಶಾಲೆಯಲ್ಲಿ ಲುಡ್‌ವಿಗ್ ಯೊಹಾನ್ಸನ್ ಎಂಬ ಉಪಾಧ್ಯಾಯರಿದ್ದರು. ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡನ್ನೂ ಅವರೇ ಕಲಿಸುತ್ತಿದ್ದರು. ಹುಡುಗನ ಮನಸ್ಸು ರಸಾಯನದ ಕಡೆಗೆ ತಿರುಗಿದ್ದು ಅವರ ತರಗತಿಯಲ್ಲಿ. ಎರಡು ಶಾಸ್ತ್ರಗಳನ್ನು ಒಬ್ಬರೇ ಗುರುಗಳಿಂದ ಕಲಿತದ್ದು ಮುಂದೆ ಜೀವರಸಾಯನಕ್ಕೆ ಬಂದವನಿಗೆ ಒಳ್ಳೆಯ ತಳಹದಿಯಾಗಿರಬೇಕೆಂದು ನಾನು ಭಾವಿಸುತ್ತೇನೆ. ಉಪಾಧ್ಯಾಯರ ಕೊರತೆಯಿಂದ ಒಬ್ಬರೇ ಎರಡು ವಿಷಯಗಳನ್ನು ನಿರ್ವಹಿಸಿದ ಕಾಲ ನಮ್ಮ ಶಾಲೆಗೂ ಇತ್ತಷ್ಟೆ.

1921ರಲ್ಲಿ ಟಿಸೇಲಿಯಸ್ ಉಪ್ಸಾಲ ವಿಶ್ವವಿದ್ಯಾಲಯವನ್ನು ಸೇರಿದರು. ಆ ಊರನ್ನು ಆರಿಸಿಕೊಳ್ಳಲು ಕಾರಣ ಅಲ್ಲಿದ್ದ ತೆಯೊಡೊರ್ ಸ್ವೆಡ್‌ಬರ್ಗ್ ಎಂಬ ಪ್ರಾಧ್ಯಾಪಕರು. ಪ್ರೋಟೀನುಗಳಂಥ ದೊಡ್ಡ ಅಣುಗಳನ್ನು ಅತಿವೇಗವಾಗಿ ತಿರುಗುವ ಯಂತ್ರದಲ್ಲಿಟ್ಟು ಅವುಗಳ ತೂಕವನ್ನು ಕಂಡುಹಿಡಿಯುವ ಕೆಲಸವನ್ನು ಸ್ವೆಡ್‌ಬರ್ಗ್ ಆಗ ಕೈಗೊಳ್ಳುತ್ತಿದ್ದರು. 1926ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವೂ ಬಂತು. ಟಿಸೇಲಿಯಸ್ 1924ರಲ್ಲಿ ರಸಾಯನ, ಭೌತ ಮತ್ತು ಗಣಿತಗಳಲ್ಲಿ ಪದವಿ ಪಡೆದು ಮರುವರ್ಷವೇ ಗುರುಗಳ ಸಹಾಯಕರಾಗಿ ನಿಂತರು. ಯಂತ್ರದ ಕೆಲಸ ಗುರುಗಳದ್ದು. ಶಿಷ್ಯನ ಪಾಲಿಗೆ ಬಂದದ್ದು ಇನ್ನೊಂದು ದಾರಿ: ತೂಕಕ್ಕೆ ಬದಲಾಗಿ ವಿದ್ಯುತ್ತಿನಿಂದ ಅಣುಗಳನ್ನು ಬೇರ್ಪಡಿಸುವುದು. ಇದಕ್ಕೆ ಎಲೆಕ್ಟ್ರೋಫೊರೆಸಿಸ್ ಎಂದು ಹೆಸರು.

ಇದರ ತತ್ತ್ವ ಸರಳ. ನೀರಿನಲ್ಲಿ ಕರಗಿದ ಎಷ್ಟೋ ಪದಾರ್ಥಗಳ ಕಣಗಳು ಧನ ಅಥವಾ ಋಣ ವಿದ್ಯುದಂಶವನ್ನು ಹೊತ್ತಿರುತ್ತವೆ. ದ್ರಾವಣದಲ್ಲಿ ಎರಡು ವಿದ್ಯುದ್ವಾರಗಳನ್ನು ಇಳಿಸಿ ವಿದ್ಯುತ್ ಹರಿಸಿದರೆ ಋಣಾವೇಶದ ಕಣಗಳು ಧನದ ಕಡೆಗೂ, ಧನಾವೇಶದವು ಋಣದ ಕಡೆಗೂ ಸಾಗುತ್ತವೆ. ಎಲ್ಲವೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಹೆಚ್ಚು ವಿದ್ಯುದಂಶವುಳ್ಳದ್ದು ಮುಂದೆ, ಮೈ ದೊಡ್ಡದಾದದ್ದು ಹಿಂದೆ. ಜಾತ್ರೆಗೆ ಹೊರಟವರು ಊರ ಬಾಗಿಲಲ್ಲಿ ಒಟ್ಟಾಗಿದ್ದರೂ ನಾಲ್ಕು ಹರಿದಾರಿ ನಡೆಯುವಷ್ಟರಲ್ಲಿ ಬರಿಗೈಯವರು, ಗಂಟು ಹೊತ್ತವರು, ಮುದುಕರು ಎಂದು ಬೇರೆಬೇರೆ ಗುಂಪುಗಳಾಗುವಂತೆ, ದ್ರಾವಣದೊಳಗಿನ ಪದಾರ್ಥಗಳೂ ತಮ್ಮ ನಡಿಗೆಯಿಂದಲೇ ಬೇರೆಯಾಗುತ್ತವೆ. ಯಾವುದು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟಿತೆಂದು ನೋಡಿದರೆ ಅದರ ಗುರುತು ಸಿಗುತ್ತದೆ. ಎಷ್ಟು ಮುಟ್ಟಿತೆಂದು ಅಳೆದರೆ ಪ್ರಮಾಣ ತಿಳಿಯುತ್ತದೆ.

ತತ್ತ್ವ ಸರಳವಾದರೂ ಆಚರಣೆ ಹಾಗಿರಲಿಲ್ಲ. ಟಿಸೇಲಿಯಸ್ ಬಳಸಿದ್ದು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಕೊಳವೆ. ಕೆಳಗೆ ಪ್ರೋಟೀನಿನ ದ್ರಾವಣ, ಅದರ ಮೇಲೆ ಕದಡದಂತೆ ಸುರಿದ ತಿಳಿಯಾದ ಲವಣದ ದ್ರಾವಣ. ಎರಡರ ನಡುವೆ ಒಂದು ಗಡಿ ಏರ್ಪಡುತ್ತದೆ. ವಿದ್ಯುತ್ ಹರಿದಂತೆ ಆ ಗಡಿ ಸರಿಯುತ್ತದೆ; ಅದರ ಛಾಯಾಚಿತ್ರಗಳನ್ನು ತೆಗೆದು ವೇಗವನ್ನು ಲೆಕ್ಕ ಹಾಕಬೇಕು. ಆದರೆ ವಿದ್ಯುತ್ ಹರಿದಲ್ಲೆಲ್ಲ ಶಾಖ ಹುಟ್ಟುತ್ತದೆ. ಕೊಳವೆಯ ಗೋಡೆಗೆ ಹೊಂದಿಕೊಂಡ ದ್ರವ ಬೇಗ ತಣಿಯುತ್ತದೆ, ನಡುವಿನದು ಬಿಸಿಯಾಗಿಯೇ ಉಳಿಯುತ್ತದೆ. ಒಲೆಯ ಮೇಲಿಟ್ಟ ಎಸರಿನಲ್ಲಿ ಕಾಣುವಂತೆ ಬಿಸಿಯಾದದ್ದು ಮೇಲೇರಿ, ತಣ್ಣಗಾದದ್ದು ಕೆಳಗಿಳಿದು, ಒಳಗೆ ಸುಳಿಗಳೇಳುತ್ತವೆ. ಎಚ್ಚರಿಕೆಯಿಂದ ಕಟ್ಟಿದ ಗಡಿ ಕಲಸಿಹೋಗುತ್ತದೆ. ಬೇರ್ಪಡಿಸಲೆಂದು ಹರಿಸಿದ ವಿದ್ಯುತ್ತೇ ಬೇರ್ಪಟ್ಟದ್ದನ್ನು ಮತ್ತೆ ಬೆರೆಸಿಬಿಡುತ್ತದೆ. ವಿದ್ಯುತ್ತನ್ನು ತಗ್ಗಿಸಿದರೆ ಕಣಗಳ ನಡಿಗೆ ನಿಧಾನವಾಗಿ ಗಡಿ ತಾನಾಗಿಯೇ ಹರಡಿ ಮಸುಕಾಗುತ್ತದೆ.

ಐದು ವರ್ಷಗಳ ದುಡಿಮೆಯ ನಂತರ 1930ರಲ್ಲಿ ಅವರು ತಮ್ಮ ಮಹಾಪ್ರಬಂಧವನ್ನು ಒಪ್ಪಿಸಿದರು. ಅದು ಮನ್ನಣೆ ಗಳಿಸಿತು; ವಿಶ್ವವಿದ್ಯಾಲಯದಲ್ಲಿ ಬೋಧಕ ಹುದ್ದೆಯೂ ದೊರೆಯಿತು; ಅದೇ ವರ್ಷ ಗ್ರೇಟಾ ಡಾಲೆನ್ ಅವರೊಡನೆ ವಿವಾಹವಾಯಿತು. ಹೊರಗಿನವರ ದೃಷ್ಟಿಗೆ ಎಲ್ಲವೂ ಮಂಗಳಕರವಾಗಿತ್ತು. ಆದರೆ ಲೇಖಕರಿಗೇ ತಮ್ಮ ಪ್ರಬಂಧದ ಬಗ್ಗೆ ಸಮಾಧಾನವಿರಲಿಲ್ಲ. ಶುದ್ಧವಾದ ಒಂದೊಂದೇ ಪ್ರೋಟೀನಿನ ನಡಿಗೆಯನ್ನು ಅಳೆಯುವುದು ಸಾಧ್ಯವಾಗಿತ್ತು. ರಕ್ತಸಾರದಂಥ ಮಿಶ್ರಣದೊಳಗೆ ಏನೇನಿದೆಯೆಂದು ಬಿಡಿಸಿ ತೋರಿಸುವುದು ಸಾಧ್ಯವಾಗಿರಲಿಲ್ಲ. ನಿಜವಾಗಿ ತಿಳಿಯಬೇಕಾಗಿದ್ದುದು ಅದೇ. ಟಿಸೇಲಿಯಸ್ ಆ ಕೆಲಸವನ್ನು ಅಲ್ಲಿಗೇ ಬಿಟ್ಟರು.

ಆ ಮುಂದಿನ ಐದು ವರ್ಷಗಳು ಇವರ ಜೀವನದ ತಿರುಳು ಎಂದು ನನ್ನ ಅಭಿಪ್ರಾಯ. ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ದಾಟಿಹೋಗುವ ಕಾಲವಿದು. ಉಪ್ಸಾಲದಲ್ಲಿ ಅಂದು ಜೀವರಸಾಯನಕ್ಕೆ ಪ್ರತ್ಯೇಕ ಪೀಠವಿರಲಿಲ್ಲ. ಸಂಸಾರಸ್ಥನಾದ ಬೋಧಕನೊಬ್ಬ ಮುಂದಿನ ದಾರಿಯನ್ನು ನೋಡಿಕೊಳ್ಳಬೇಕಾಗಿತ್ತು. ಅವರು ಜಿಯೊಲೈಟ್ ಎಂಬ ಹರಳುಗಳ ಅಧ್ಯಯನಕ್ಕೆ ತೊಡಗಿದರು. ಈ ಹರಳುಗಳ ಒಳಗೆ ಸೂಕ್ಷ್ಮವಾದ ಓಣಿಗಳಿದ್ದು ನೀರಿನ ಆವಿ ಅವುಗಳಲ್ಲಿ ಹೊಕ್ಕು ಹೊರಡಬಲ್ಲುದು. ಹರಳಿನ ಮೂಲಕ ಹಾಯುವ ಬೆಳಕು ನೀರಿನಿಂದಾಗಿ ಬದಲಾಗುವುದನ್ನು ನೋಡಿಯೇ, ಹರಳನ್ನು ಒಡೆಯದೆ, ನೀರು ಎಷ್ಟು ದೂರ ಸಾಗಿತೆಂದು ಹೇಳುವ ಸೊಗಸಾದ ವಿಧಾನವನ್ನು ಅವರು ರೂಪಿಸಿದರು. (ನಮಗೆ ಉತ್ತರಕ್ಕೆ, ಕಲಬುರಗಿಯಿಂದಾಚೆ ಮಹಾರಾಷ್ಟ್ರದವರೆಗೆ ಹಬ್ಬಿರುವ ಕರಿಗಲ್ಲಿನ ಪೊಟರೆಗಳಲ್ಲಿ ಸಿಗುವ ಬಿಳಿಯ ಹರಳುಗಳಲ್ಲಿ ಹಲವು ಈ ಜಾತಿಯವೇ.) ಮೇಲುನೋಟಕ್ಕೆ ಇದು ದಾರಿ ತಪ್ಪಿದ ಕೆಲಸ. ಆದರೆ ಕಣ್ಣಿಗೆ ಕಾಣದ ಬದಲಾವಣೆಯನ್ನು ಬೆಳಕಿನ ಬಾಗುವಿಕೆಯಿಂದ ಓದುವ ಅಭ್ಯಾಸ ಇಲ್ಲಿ ಗಟ್ಟಿಯಾಯಿತು.

1934ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ವಿದ್ಯಾರ್ಥಿವೇತನದ ಮೇಲೆ ಅವರು ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದರು. ಹೋದದ್ದು ಜಿಯೊಲೈಟುಗಳ ಕೆಲಸಕ್ಕಾಗಿ, ಹ್ಯೂ ಟೇಲರ್ ಎಂಬ ಪ್ರಾಧ್ಯಾಪಕರ ಬಳಿಗೆ. ಆದರೆ ಅಲ್ಲಿದ್ದಾಗ ರಾಕ್‌ಫೆಲ್ಲರ್ ಸಂಶೋಧನಾ ಸಂಸ್ಥೆಯ ಜೀವರಸಾಯನ ವಿಜ್ಞಾನಿಗಳ ಪರಿಚಯವಾಯಿತು. ಕಿಣ್ವಗಳನ್ನು, ವೈರಸ್ಸುಗಳನ್ನು, ರೋಗನಿರೋಧಕ ಪ್ರೋಟೀನುಗಳನ್ನು ಶುದ್ಧಮಾಡಲು ಹೆಣಗುತ್ತಿದ್ದ ಅವರೆಲ್ಲರಿಗೂ ಬೇಕಾಗಿದ್ದುದು ಒಂದೇ: ಕೆಡಿಸದೆ ಬೇರ್ಪಡಿಸುವ ಉಪಾಯ. ತಾವು ಅಪೂರ್ಣವೆಂದು ಬಿಟ್ಟುಬಂದ ಕೆಲಸಕ್ಕಾಗಿ ಲೋಕ ಕಾಯುತ್ತಿದೆಯೆಂದು ಟಿಸೇಲಿಯಸ್ ಅವರಿಗೆ ಮನದಟ್ಟಾಯಿತು. 1935ರಲ್ಲಿ ಊರಿಗೆ ಮರಳಿದವರೇ ಹಳೆಯ ಯಂತ್ರವನ್ನು ಮೊದಲಿನಿಂದ ಬೇರೆ ರೀತಿಯಲ್ಲಿ ಕಟ್ಟತೊಡಗಿದರು.

ಹೊಸ ಯಂತ್ರದಲ್ಲಿ ಶಾಖದ ಮೇಲೆ ಎರಡು ಕಡೆಯಿಂದ ಮುತ್ತಿಗೆ ಹಾಕಲಾಗಿತ್ತು. ಮೊದಲನೆಯದು ಕೊಳವೆಯ ಆಕಾರ. ಗುಂಡಾದ ಕೊಳವೆಯ ನಡುಭಾಗ ಗೋಡೆಯಿಂದ ದೂರ. ಅದನ್ನೇ ಚಪ್ಪಟೆಯಾದ ಆಯತಾಕಾರಕ್ಕೆ ತಂದರೆ ನಡುವಿನ ದ್ರವವೂ ಗೋಡೆಗೆ ಹತ್ತಿರವಾಗಿ ಬೇಗ ತಣಿಯುತ್ತದೆ. ಎರಡನೆಯದು ನೀರಿನ ಒಂದು ವಿಚಿತ್ರ ಗುಣ. ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆಂದೂ, ಆದ್ದರಿಂದಲೇ ಚಳಿನಾಡುಗಳ ಕೆರೆಗಳು ಮೇಲಿನಿಂದ ಹೆಪ್ಪುಗಟ್ಟುತ್ತವೆಂದೂ ಎಂಟನೆಯ ತರಗತಿಯ ಮಕ್ಕಳೂ ಓದಿರುತ್ತಾರೆ. ಆ ಉಷ್ಣತೆಯ ಆಸುಪಾಸಿನಲ್ಲಿ ಕೊಂಚ ಬಿಸಿಯಾದರೂ ಕೊಂಚ ತಣಿದರೂ ಸಾಂದ್ರತೆ ಬದಲಾಗುವುದು ತೀರ ಅಲ್ಪ. ಸಾಂದ್ರತೆ ಬದಲಾಗದಿದ್ದರೆ ಸುಳಿ ಏಳುವುದಿಲ್ಲ. ಟಿಸೇಲಿಯಸ್ ಇಡೀ ಕೊಳವೆಯನ್ನು ಆ ತಂಪಿನಲ್ಲಿ ಮುಳುಗಿಸಿಟ್ಟರು. ಶಾಲೆಯ ಪಾಠದ ಒಂದು ಸಾಲು ಇಂಥ ದೊಡ್ಡ ತೊಡಕನ್ನು ಬಿಡಿಸಿದ್ದನ್ನು ಓದಿದಾಗ, ಅದನ್ನು ಎಷ್ಟೋ ವರ್ಷ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯೆಂದು ಮಾತ್ರ ಕಲಿಸಿದ ನನಗೆ ಸಂಕೋಚವಾಯಿತು.

ಇದರ ಜೊತೆಗೆ ಕೊಳವೆಯನ್ನು ಒಂದರ ಮೇಲೊಂದು ಜಾರುವ ಗಾಜಿನ ತುಂಡುಗಳಾಗಿ ಮಾಡಿದ್ದರಿಂದ ಬೇರ್ಪಟ್ಟ ಭಾಗವನ್ನು ಕದಡದೆ ಹೊರತೆಗೆಯಲು ಅನುಕೂಲವಾಯಿತು. ಬಣ್ಣವಿಲ್ಲದ ಪ್ರೋಟೀನುಗಳ ಗಡಿಯನ್ನು ಕಾಣಲು, ಬೆಳಕು ಸಾಂದ್ರತೆಯ ವ್ಯತ್ಯಾಸದಲ್ಲಿ ಬಾಗುವುದನ್ನು ಸೆರೆಹಿಡಿಯುವ ಏರ್ಪಾಡನ್ನು ಅಳವಡಿಸಿದರು. ಎಲ್ಲ ಸೇರಿ ಯಂತ್ರದ ಉದ್ದ ಸುಮಾರು 20 ಅಡಿ. ಒಂದು ಕೋಣೆಯನ್ನೇ ತುಂಬುವಷ್ಟು. ಅದರಲ್ಲಿ ಕುದುರೆಯ ರಕ್ತಸಾರವನ್ನು ಇಟ್ಟು ನೋಡಿದಾಗ ಒಂದೇ ದ್ರವದಂತೆ ಕಾಣುತ್ತಿದ್ದುದು ನಾಲ್ಕು ಗುಂಪುಗಳಾಗಿ ಒಡೆಯಿತು. ವೇಗವಾಗಿ ಸಾಗಿದ್ದು ಆಲ್ಬುಮಿನ್. ಅದರ ಹಿಂದೆ ಬಂದ ಗ್ಲಾಬ್ಯುಲಿನ್‌ಗಳಿಗೆ ಅವರು ಗ್ರೀಕ್ ಅಕ್ಷರಮಾಲೆಯ ಆಲ್ಫಾ, ಬೀಟಾ, ಗಾಮಾ ಎಂಬ ಹೆಸರುಗಳನ್ನಿಟ್ಟರು. ಇಂದಿಗೂ ಆಸ್ಪತ್ರೆಯ ವರದಿಗಳಲ್ಲಿ ಅಚ್ಚಾಗುವುದು ಇವೇ ಹೆಸರುಗಳು.

ಇಷ್ಟಾದರೂ ಆ ಲೇಖನವನ್ನು ಮೊದಲು ಕಳುಹಿಸಿದ ಜೀವರಸಾಯನದ ಪತ್ರಿಕೆ ಅದನ್ನು ಹಿಂದಿರುಗಿಸಿತು. ಅದರಲ್ಲಿ ಭೌತಶಾಸ್ತ್ರವೇ ಹೆಚ್ಚಾಯಿತೆಂಬುದು ಅವರ ಆಕ್ಷೇಪಣೆ. ಬಳಿಕ 1937ರಲ್ಲಿ ಇಂಗ್ಲೆಂಡಿನ ಫ್ಯಾರಡೆ ಸಂಘದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮರುವರ್ಷ ದಾನಿಗಳೊಬ್ಬರ ಕೊಡುಗೆಯಿಂದ ಉಪ್ಸಾಲದಲ್ಲಿ ಜೀವರಸಾಯನದ ಪೀಠವೊಂದು ಸ್ಥಾಪಿತವಾಗಿ ಟಿಸೇಲಿಯಸ್ ಅದರ ಪ್ರಾಧ್ಯಾಪಕರಾದರು. ಜೀವರಸಾಯನಕ್ಕೆ ಸ್ಥಳವಿಲ್ಲದೆ ಹರಳುಗಳ ಮೊರೆಹೊಕ್ಕಿದ್ದವರಿಗೆ ಎಂಟು ವರ್ಷಗಳ ನಂತರ ಅದೇ ವಿಶ್ವವಿದ್ಯಾಲಯದಲ್ಲಿ ಸ್ವಂತ ಪೀಠ ದೊರೆಯಿತು.

ಆ ದಿನಗಳಲ್ಲಿ ಎಲ್ವಿನ್ ಕ್ಯಾಬಟ್ ಎಂಬ ತರುಣ ಅಮೆರಿಕದಿಂದ ಉಪ್ಸಾಲಕ್ಕೆ ಬಂದರು. ಮೊಲಗಳಿಗೆ ಕೋಳಿಮೊಟ್ಟೆಯ ಪ್ರೋಟೀನನ್ನು ಚುಚ್ಚಿದರೆ ಅವುಗಳ ರಕ್ತದಲ್ಲಿ ಅದಕ್ಕೆ ಎದುರಾದ ಪ್ರತಿಕಾಯಗಳು ಹುಟ್ಟುತ್ತವೆ. ಈ ರಕ್ತಸಾರವನ್ನು ಯಂತ್ರದಲ್ಲಿಟ್ಟಾಗ ಗಾಮಾ ಭಾಗ ಎತ್ತರವಾಗಿ ಕಂಡಿತು. ಅದೇ ಸಾರಕ್ಕೆ ಮೊಟ್ಟೆಯ ಪ್ರೋಟೀನನ್ನು ಬೆರೆಸಿ ಪ್ರತಿಕಾಯಗಳನ್ನು ಗಸಿಯಾಗಿ ಇಳಿಸಿ ಮತ್ತೆ ನೋಡಿದಾಗ ಗಾಮಾ ಭಾಗ ತಗ್ಗಿತ್ತು. ನಮ್ಮನ್ನು ರೋಗಗಳಿಂದ ಕಾಯುವ ಪ್ರತಿಕಾಯಗಳು ರಕ್ತದ ಯಾವ ಭಾಗದಲ್ಲಿವೆಯೆಂಬ ಪ್ರಶ್ನೆಗೆ 1939ರಲ್ಲಿ ಹೀಗೆ ಉತ್ತರ ಸಿಕ್ಕಿತು. ಹತ್ತು ವರ್ಷಗಳ ನಂತರ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಕುಡಗೋಲು ಕಣ ರೋಗದವರ ಹಿಮೋಗ್ಲೋಬಿನ್ ಉಳಿದವರದ್ದಕ್ಕಿಂತ ಬೇರೆಯಾಗಿ ಚಲಿಸುವುದನ್ನು ತೋರಿಸಿ, ಒಂದು ರೋಗದ ಮೂಲ ಒಂದು ಅಣುವಿನಲ್ಲಿದೆಯೆಂದು ಸಾಧಿಸಿದ್ದೂ ಟಿಸೇಲಿಯಸ್ ಯಂತ್ರದ ಬಗೆಯದರಿಂದಲೇ.

ಯುದ್ಧಕಾಲದಲ್ಲಿ ಅವರು ಅಧಿಶೋಷಣೆಯಿಂದ, ಎಂದರೆ ಇದ್ದಿಲಿನಂಥ ಪುಡಿಗೆ ಪದಾರ್ಥಗಳು ಹೆಚ್ಚುಕಡಿಮೆಯಾಗಿ ಅಂಟಿಕೊಳ್ಳುವ ಗುಣದಿಂದ, ಬೇರ್ಪಡಿಸುವ ವಿಧಾನಗಳನ್ನು ಬೆಳೆಸಿದರು. 1948ರ ನೊಬೆಲ್ ಪುರಸ್ಕಾರ ಬಂದದ್ದು ಈ ಎರಡೂ ಕೆಲಸಗಳಿಗೆ, ಮುಖ್ಯವಾಗಿ ರಕ್ತಸಾರದ ಪ್ರೋಟೀನುಗಳ ವಿಷಯಕ್ಕೆ. ಮುಂದೆ ಅವರಿಗೆ ಬಂದ ಪದವಿಗಳು ಅನೇಕ. ಸ್ವೀಡನ್ನಿನ ವಿಜ್ಞಾನ ಸಂಶೋಧನಾ ಮಂಡಳಿ, ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರಗಳ ಅಂತರರಾಷ್ಟ್ರೀಯ ಒಕ್ಕೂಟ, ನೊಬೆಲ್ ಪ್ರತಿಷ್ಠಾನ ಇವೆಲ್ಲವುಗಳ ಅಧ್ಯಕ್ಷತೆಯನ್ನು ವಹಿಸಿದರು. ಈ ಪಟ್ಟಿಯನ್ನು ಬೆಳೆಸುವುದು ಬೇಡ.

ನನಗೆ ಹೆಚ್ಚು ಹಿಡಿಸಿದ್ದು ಬೇರೊಂದು ಸಂಗತಿ. 1950ರ ದಶಕ ಬರುವಷ್ಟರಲ್ಲಿ ಒಂದು ಸೋಸುಕಾಗದದ ಪಟ್ಟಿ, ಒಂದು ಚಿಕ್ಕ ಪೆಟ್ಟಿಗೆ ಇವುಗಳಿಂದಲೇ ಎಲೆಕ್ಟ್ರೋಫೊರೆಸಿಸ್ ಮಾಡಬಹುದೆಂದು ತಿಳಿದುಬಂತು. ಇಪ್ಪತ್ತು ಅಡಿಯ ಯಂತ್ರಗಳು ಮೂಲೆ ಸೇರತೊಡಗಿದವು. ಟಿಸೇಲಿಯಸ್ ತಮ್ಮ ಯಂತ್ರವನ್ನು ಹಿಡಿದು ಕೂರಲಿಲ್ಲ. ತಮ್ಮ ಸಂಸ್ಥೆಯಲ್ಲಿಯೇ ಹೊಸ ವಿಧಾನಗಳಿಗೆ ಇಂಬು ಕೊಟ್ಟರು. ಅಲ್ಲಿ ಬೆಳೆದ ಶಿಷ್ಯರಲ್ಲಿ ಸ್ಟೆಲ್ಲನ್ ಯೆರ್ಟೆನ್ ಒಬ್ಬರು. ಕಾಗದವಾಗಲಿ ಜೆಲ್ ಆಗಲಿ ಇಲ್ಲದೆ, ಬರಿಯ ದ್ರವದಲ್ಲಿಯೇ ಬೇರ್ಪಡಿಸಬೇಕೆಂದು ಅವರು ಪಟ್ಟುಹಿಡಿದರು. ಸುಮಾರು 3 ಮಿಲಿಮೀಟರ್ ಒಳವ್ಯಾಸದ ಕೊಳವೆಯನ್ನು ಅಡ್ಡಲಾಗಿಟ್ಟು, ಸುಳಿಗಳು ನೆಲೆಗೊಳ್ಳದಂತೆ ಅದನ್ನು ನಿಧಾನವಾಗಿ ತಿರುಗಿಸುತ್ತ, ಆ ವಿಧಾನವನ್ನು ಕುರಿತ ಮಹಾಪ್ರಬಂಧವನ್ನು 1967ರಲ್ಲಿ ಪ್ರಕಟಿಸಿದರು. ಗುರುವಿನ ಶತ್ರುವಾದ ಶಾಖವೇ ಶಿಷ್ಯನಿಗೂ ಶತ್ರು. ಮರುವರ್ಷ ಟಿಸೇಲಿಯಸ್ ನಿವೃತ್ತರಾದರು. 1971ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 69 ವರ್ಷ.

ಅವರು ಕಾಣದ ಮುಂದಿನ ಮಜಲು 1981ರದು. ಅಮೆರಿಕದ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಜಾರ್ಗೆನ್ಸನ್ ಮತ್ತು ಕ್ರಿನ್ ಲೂಕಾಸ್ ಎಂಬಿಬ್ಬರು ಕೇವಲ 75 ಮೈಕ್ರೊಮೀಟರ್ ಒಳವ್ಯಾಸದ, ಎಂದರೆ ತಲೆಗೂದಲಿನಷ್ಟು ಸಣ್ಣ ರಂಧ್ರವುಳ್ಳ, ಗಾಜಿನ ನಾಳವನ್ನು ಬಳಸಿದರು. ಕೊಳವೆಯ ನಡುವಿಗೂ ಗೋಡೆಗೂ ಇರುವ ಉಷ್ಣತೆಯ ಅಂತರವು ಅದರ ಅಗಲದ ವರ್ಗಕ್ಕೆ ಅನುಗುಣವಾಗಿರುತ್ತದೆ. 3 ಮಿಲಿಮೀಟರಿನ ಕೊಳವೆಗೆ ಹೋಲಿಸಿದರೆ ಈ ನಾಳದ ಅಗಲ 40ರಲ್ಲಿ ಒಂದು ಪಾಲು. ಹಾಗಾಗಿ, ಉಳಿದದ್ದೆಲ್ಲ ಒಂದೇ ಆಗಿದ್ದರೆ, ಉಷ್ಣತೆಯ ಅಂತರ 1,600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಾಳದ ಎರಡು ತುದಿಗಳ ನಡುವೆ 30,000 ವೋಲ್ಟುಗಳವರೆಗೆ ಹಾಕಿದರೂ ಒಳಗೆ ಸುಳಿ ಏಳುವುದಿಲ್ಲ. ದಿನವಿಡೀ ಹಿಡಿಯುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು. ಇದಕ್ಕೆ ಲೋಮನಾಳ ಎಲೆಕ್ಟ್ರೋಫೊರೆಸಿಸ್ ಎಂದು ಹೆಸರಾಯಿತು.

ಇನ್ನು ಚಿನ್ನದ ಮಾತು. ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತಾರೆ. ಅದು ಕೈಗೆ ಬಂದ ಚಿನ್ನದ ಮಾತಾಯಿತು. ಕಲ್ಲಿನೊಳಗೆ ಕಣ್ಣಿಗೆ ಕಾಣದಂತೆ ಹರಡಿಕೊಂಡ ಚಿನ್ನವನ್ನು ತೆಗೆಯಬೇಕಾದರೆ ಅದಿರನ್ನು ನುಣ್ಣಗೆ ಅರೆದು, ಚಿನ್ನವನ್ನು ಕರಗಿಸುವ ದ್ರಾವಣದಲ್ಲಿ ನೆನೆಹಾಕಬೇಕು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ರೂಪುಗೊಂಡ ಸೈನೈಡ್ ವಿಧಾನವೇ ಇದರಲ್ಲಿ ಇಂದಿಗೂ ಪ್ರಧಾನ. ಕೋಲಾರದ ಗಣಿಗಳು ನಡೆದದ್ದು ಅದರಿಂದ. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ನಡೆಯುವುದು ಅದರಿಂದಲೇ. ಅದಿರಿನಲ್ಲಿ ಗಂಧಕದ ಖನಿಜಗಳಿದ್ದರೆ ಅವು ಸೈನೈಡಿನೊಡನೆ ಕೂಡಿ ಥಯೋಸಯನೇಟ್ ಎಂಬ ಬೇರೊಂದು ಪದಾರ್ಥವಾಗಿ, ಚಿನ್ನಕ್ಕೆಂದು ಹಾಕಿದ ಸೈನೈಡನ್ನು ವ್ಯರ್ಥವಾಗಿ ತಿಂದುಹಾಕುತ್ತವೆ.

ಕೆಲವು ಅದಿರುಗಳು ಸೈನೈಡಿಗೆ ಮಣಿಯುವುದೇ ಇಲ್ಲ. ಅವುಗಳಲ್ಲಿ ಇದ್ದಿಲಿನಂಥ ಇಂಗಾಲವಿದ್ದು, ಕರಗಿದ ಚಿನ್ನವನ್ನು ಮರಳಿ ತಾನೇ ಕಸಿದುಕೊಳ್ಳುತ್ತದೆ. ಸೈನೈಡ್ ಘೋರ ವಿಷವೆಂಬುದಂತೂ ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಥಯೋಸಲ್ಫೇಟ್ ಎಂಬ ಗಂಧಕದ ಲವಣದಿಂದ ಚಿನ್ನವನ್ನು ಕರಗಿಸುವ ವಿಧಾನ ಬಂತು. ಹಿಂದೆ ಫೋಟೋ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಹೈಪೋ ಎಂದು ಕರೆಯುತ್ತಿದ್ದುದು ಇದನ್ನೇ. ಕಾಲೇಜಿನ ರಸಾಯನ ಪ್ರಯೋಗದಲ್ಲಿ ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಟ್ಟು, ಅಯೋಡೀನು ಮತ್ತು ಪಿಷ್ಟದ ನೀಲಿ ಬಣ್ಣ ಹೋಗುವುದನ್ನು ಕಾಯುತ್ತಿದ್ದ ಹಳೆಯ ವಿದ್ಯಾರ್ಥಿಗಳಿಗೆ ಇದರ ನೆನಪಿರಬೇಕು. ಅಮೆರಿಕದ ನೆವಾಡಾ ರಾಜ್ಯದ ಗೋಲ್ಡ್‌ಸ್ಟ್ರೈಕ್ ಗಣಿಯಲ್ಲಿ 2014ರಲ್ಲಿ ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಲಾಯಿತು.

ಆದರೆ ಥಯೋಸಲ್ಫೇಟ್ ಸ್ಥಿರವಾಗಿ ನಿಲ್ಲುವ ಪದಾರ್ಥವಲ್ಲ. ಚಿನ್ನವನ್ನು ಬೇಗ ಕರಗಿಸಲು ಸೇರಿಸುವ ತಾಮ್ರ, ಗಾಳಿಯ ಆಮ್ಲಜನಕ ಇವುಗಳ ಸಂಪರ್ಕದಲ್ಲಿ ಅದು ಟೆಟ್ರಾಥಯೋನೇಟ್ ಆಗುತ್ತದೆ, ಟ್ರೈಥಯೋನೇಟ್ ಆಗುತ್ತದೆ, ಕೊನೆಗೆ ಸಲ್ಫೇಟ್ ಆಗಿ ಕೈತಪ್ಪುತ್ತದೆ. ಇದರಿಂದ ನಷ್ಟ ಎರಡು ಬಗೆ. ಒಂದು, ಬೆಲೆಕೊಟ್ಟು ತಂದ ಲವಣ ಹಾಳಾಗುತ್ತದೆ. ಇನ್ನೊಂದು ಹೆಚ್ಚಿನದು: ಕರಗಿದ ಚಿನ್ನವನ್ನು ಹಿಡಿದಿಡಲು ಬಳಸುವ ರಾಳದ ಮಣಿಗಳ ಮೇಲೆ ಈ ಥಯೋನೇಟುಗಳೂ ಹೋಗಿ ಕುಳಿತು ಚಿನ್ನದ ಸ್ಥಳವನ್ನು ಆಕ್ರಮಿಸುತ್ತವೆ. ಚಿನ್ನ ಕರಗಿದ್ದರೂ ಕೈಗೆ ಬರುವುದಿಲ್ಲ. ಆದ್ದರಿಂದ ದ್ರಾವಣದಲ್ಲಿ ಯಾವ ಗಂಧಕ ಸಂಯುಕ್ತ ಎಷ್ಟಿದೆಯೆಂದು ಆಗಾಗ ತಿಳಿಯುತ್ತಿರಲೇಬೇಕು. ನಮ್ಮ ಕಾಲೇಜಿನ ಅಯೋಡೀನ್ ಪ್ರಯೋಗ ಇಲ್ಲಿ ಸಾಲದು. ಅದು ಥಯೋಸಲ್ಫೇಟನ್ನು ಮಾತ್ರ ಲೆಕ್ಕ ಹಾಕುತ್ತದೆ, ಥಯೋನೇಟುಗಳನ್ನು ಕಾಣುವುದಿಲ್ಲ. ದ್ರಾವಣದಲ್ಲಿರುವ ತಾಮ್ರ ಆ ಲೆಕ್ಕವನ್ನೂ ಕೆಡಿಸುತ್ತದೆ. ಶೀಶೆಯಲ್ಲಿ ತುಂಬಿ ನಾಳೆ ನೋಡೋಣವೆಂದರೆ ಅಷ್ಟರಲ್ಲಿ ಒಂದು ಇನ್ನೊಂದಾಗಿರುತ್ತದೆ.

ಇಲ್ಲಿ ಉಪ್ಸಾಲದ ವಿದ್ಯೆ ನೆರವಿಗೆ ಬರುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದವರೂ ಸೇರಿದಂತೆ ಹಲವರು ಗಂಧಕದ ಅಯಾನುಗಳನ್ನು ಲೋಮನಾಳದಲ್ಲಿ ಬೇರ್ಪಡಿಸುವ ಕೆಲಸ ಮಾಡಿದ್ದಾರೆ. ಥಯೋಸಲ್ಫೇಟ್, ಟ್ರೈಥಯೋನೇಟ್, ಟೆಟ್ರಾಥಯೋನೇಟ್ ಮೂರೂ ಹೊರುವ ಋಣಾವೇಶ ಒಂದೇ, ಎರಡೆರಡು. ಮೈಯ ಗಾತ್ರ ಮಾತ್ರ ಬೇರೆ: ಮೊದಲನೆಯದರಲ್ಲಿ ಗಂಧಕದ ಪರಮಾಣುಗಳು ಎರಡು, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ನಾಲ್ಕು. ಆದ್ದರಿಂದ ನಡಿಗೆಯೂ ಬೇರೆ. ದ್ರಾವಣದ ಒಂದು ತೊಟ್ಟೂ ಬೇಕಿಲ್ಲ. ತೊಟ್ಟಿನ ಸಾವಿರಾರು ಪಾಲಿನಲ್ಲಿ ಒಂದು ಪಾಲು ನಾಳದ ತುದಿಯೊಳಗೆ ಹೊಕ್ಕರೆ ಸಾಕು. ಇನ್ನೊಂದು ತುದಿಯ ಬಳಿ ನಾಳದ ಮೂಲಕ ನೇರಳಾತೀತ ಬೆಳಕು ಹಾಯುತ್ತಿರುತ್ತದೆ. ಅಯಾನುಗಳು ಹಾದುಹೋಗುವಾಗ ಆ ಬೆಳಕಿನ ಒಂದಿಷ್ಟನ್ನು ಹೀರುತ್ತವೆ. ಸಲ್ಫೇಟ್ ಅದನ್ನು ಹೀರುವುದಿಲ್ಲವಾದ್ದರಿಂದ, ಬೆಳಕನ್ನು ಹೀರುವ ಕ್ರೋಮೇಟಿನಂಥ ಲವಣವನ್ನು ನಾಳದಲ್ಲಿ ಮೊದಲೇ ತುಂಬಿಟ್ಟು, ಅದು ಎಲ್ಲಿ ಕಡಿಮೆಯಾಯಿತೆಂದು ನೋಡಿ ಸಲ್ಫೇಟನ್ನು ಗುರುತಿಸುತ್ತಾರೆ.

ಕೆಲವು ನಿಮಿಷಗಳಲ್ಲಿ ಗಣಕಯಂತ್ರದ ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. ಮೊದಲು ಥಯೋಸಲ್ಫೇಟಿನ ಎತ್ತರದ ಶಿಖರ, ಅದರ ಹಿಂದೆ ಟ್ರೈಥಯೋನೇಟ್, ಅದರ ಹಿಂದೆ ಟೆಟ್ರಾಥಯೋನೇಟ್. ಮೊದಲನೆಯದು ತಗ್ಗಿ ಹಿಂದಿನವು ಬೆಳೆದಿದ್ದರೆ ತೊಟ್ಟಿಯ ದ್ರಾವಣ ಕೆಡುತ್ತಿದೆಯೆಂದು ಅರ್ಥ. ಗಾಳಿಯನ್ನು ತಗ್ಗಿಸಬೇಕೇ, ತಾಮ್ರವನ್ನು ಕಡಿಮೆ ಮಾಡಬೇಕೇ, ಹೊಸ ಲವಣವನ್ನು ಸೇರಿಸಬೇಕೇ ಎಂಬುದನ್ನು ಆ ಗೆರೆಯನ್ನು ನೋಡಿ ಪ್ರಯೋಗಾಲಯದವರು ನಿರ್ಧರಿಸುತ್ತಾರೆ.